ಕಂಡಿಕೆ ಬ್ಯಾಂಕಿನ ಗವರ್ನರ್ ನಾನೇ

ದುಡ್ಡಿನ ವಿಷ್ಯದಲ್ಲಿ ನಮ್ಮನೇಲಿ ನನ್ನಷ್ಟು ತಿಳ್ಕೊಂಡಿರೋರು ಇನ್ನೊಬ್ರಿಲ್ಲ. ಇದು ಜಂಬ ಅಲ್ಲ, ಮಾಹಿತಿ. ಸೆಕೆಂಡ್ ಪಿಯುಸಿ ಕಾಮರ್ಸು ನಾನು. ಎಕನಾಮಿಕ್ಸ್ ಟೆಸ್ಟಲ್ಲಿ ಕ್ಲಾಸಿಗೇ ಮೂರನೇವ್ನು. ಆವತ್ತು ಟೆಸ್ಟಿಗೆ ಬಂದಿದ್ದೇ ನಾಲ್ಕು ಜನ ಅನ್ನೋದನ್ನ ನೀವು ಕೇಳ್ಬಾರ್ದು, ನಾನೂ ಹೇಳಲ್ಲ. ಅದೂ ಅಲ್ದೆ ಫೋನಲ್ಲಿ ಕೋಟು ಹಾಕ್ಕೊಂಡು ಉಳಿತಾಯದ ಬಗ್ಗೆ ಭಾಷಣ ಮಾಡೋರ ವಿಡಿಯೋ ಎಷ್ಟು ನೋಡಿದೀನಿ ಅಂದ್ರೆ, ತಿಂಗಳ ಡೇಟಾ ಪ್ಯಾಕು ಹತ್ತೇ ದಿನಕ್ಕೆ ಖಾಲಿ ಆಗಿ, ಉಳಿತಾಯ ಕಲಿಯೋಕೇ ಅಂತ ಅಮ್ಮನ ಹತ್ರ ಸಾಲ ಮಾಡಿದೀನಿ.

ಹಂಗಾಗಿ ಒಂದಿನ ತಿಂಡಿ ಹೊತ್ತಲ್ಲಿ ಅಮ್ಮ, "ಈ ಸಿಂಚುಗೆ ದುಡ್ಡಿನ ಬೆಲೇನೇ ಗೊತ್ತಾಗ್ತಿಲ್ಲ ಕಣ್ರೀ, ದಿನಾ ಹತ್ತು ರೂಪಾಯಿ ಅಂಗಡಿಗೆ ಸುರೀತಾಳೆ" ಅಂತ ಅಪ್ಪನ ಹತ್ರ ಹೇಳ್ದಾಗ, ನಾನು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಗಂಟಲು ಸರಿ ಮಾಡ್ಕೊಂಡೆ.

ಸಿಂಚು ನನ್ನ ತಂಗಿ. ಒಂಬತ್ತು ವರ್ಷ. ನಾಲ್ಕನೇ ಕ್ಲಾಸು. ಅವಳ ಜೀವನದ ಗುರಿ ಒಂದೇ, ಬೀದಿ ಕೊನೆ ಅಂಗಡೀಲಿ ಸಿಗೋ ಒಂದು ರೂಪಾಯಿ ಜೆಲ್ಲಿ.

"ಒಂದು ತಿಂಗ್ಳು ನನ್ನ ಕೈಗೆ ಕೊಡಿ," ಅಂದೆ. "ಅವಳನ್ನ ಎಂಥಾ ಆರ್ಥಿಕ ಶಿಸ್ತಿಗೆ ತರ್ತೀನಿ ಅಂದ್ರೆ, ಜೆಲ್ಲಿ ಕಂಪನಿಯೋರು ಬಂದು ಕಾಲಿಗೆ ಬೀಳ್ಬೇಕು."

ಅಪ್ಪ ನನ್ನ ಮುಖ ನೋಡಿದ್ರು. "ನಿನ್ನ ಶಿಸ್ತು ಮೊದ್ಲು ನಿನ್ನ ಹಾಸಿಗೆ ಮಡಚಲಿ."

"ಇದ್ರಲ್ಲಿ ನಿಂಗೇನು ಲಾಭ?" ಅಂದ್ರು ಅಮ್ಮ. ನಮ್ಮಮ್ಮ ಕಾಮರ್ಸ್ ಓದಿಲ್ಲ, ಆದ್ರೆ ಮೊದ್ಲು ಕೇಳೋದೇ ಅದು.

ಲಾಭ ಗೋಕರ್ಣ. ಕಾಲೇಜಿಂದ ಮೂರು ದಿನದ ಟ್ರಿಪ್ಪು, ತಲೆಗೆ ಮೂರು ಸಾವಿರ. ಅಪ್ಪ ಆಗ್ಲೇ ಒಂದ್ಸಲ ಆಗಲ್ಲ ಅಂದಿದ್ರು. ಆದ್ರೆ ಈಗ ಅಪ್ಪನಿಗೆ ಒಂದು ದೊಡ್ಡ ಆರ್ಡರ್ ಬಂದಿತ್ತು.

ಅದನ್ನ ಸ್ವಲ್ಪ ಹೇಳ್ಬಿಡ್ತೀನಿ. ದೊಡ್ಡಬಳ್ಳಾಪುರದಲ್ಲಿ ನಮ್ದು ನೇಯೋ ಮನೆ. ಮುಂದೆ ಮನೆ, ಹಿಂದೆ ಶೆಡ್ಡು, ಶೆಡ್ಡಲ್ಲಿ ಎರಡು ಹಳೇ ಪವರ್‌ಲೂಮ್ ಮಗ್ಗ. ಯಾವಾಗ್ಲೂ ಅಂಗಡಿಯೋರು ಹೇಳಿದ ಸೀರೆ ನೇಯೋದು, ಅವ್ರು ಕೊಟ್ಟಷ್ಟು ತಗೊಳ್ಳೋದು. ಈ ಸಲ ಹೊಸಕೋಟೆಯಿಂದ ಒಬ್ರು ಮದುವೆ ಮನೆಯೋರು ನೇರವಾಗಿ ನಮ್ಮ ಬಾಗ್ಲಿಗೇ ಬಂದು, ಹೆಣ್ಣಿನ ಕಡೆ ಹೆಂಗಸರಿಗೆಲ್ಲಾ ಒಂದೇ ಥರದ್ದು ಅಂತ ಇಪ್ಪತ್ನಾಲ್ಕು ನವಿಲು ಬಣ್ಣದ ಸೀರೆ ಹೇಳಿದ್ರು. ಮಧ್ಯದಲ್ಲಿ ಅಂಗಡಿ ಇಲ್ಲ. ಅಪ್ಪನ ಇಪ್ಪತ್ತು ವರ್ಷದ ಮಗ್ಗದ ಜೀವನದಲ್ಲಿ ಇದೇ ಮೊದ್ಲು. ಆವತ್ತಿಂದ ಅಪ್ಪ ಶೆಡ್ಡಿಗೆ ಹೋಗೋವಾಗ್ಲೂ ತಲೆ ಬಾಚ್ಕೊಂಡು ಹೋಗ್ತಿದ್ರು.

"ಆರ್ಡರ್ ಕೆಲ್ಸ ಲೆಕ್ಕದ ಪ್ರಕಾರ ನಡೀತಾ ಇದ್ರೆ ನಿನ್ನ ಟ್ರಿಪ್ಪು," ಅಂದ್ರು ಅಪ್ಪ. "ಸೀರೆ ತಡ ಆಯ್ತು ಅಂದ್ರೆ, ಟ್ರಿಪ್ಪೂ ಇಲ್ಲ, ಗಿಪ್ಪೂ ಇಲ್ಲ. ಅಲ್ಲೀತಂಕ ಈ ಮಗೂನ ಅಂಗಡಿಯಿಂದ ದೂರ ಇಡು."

ಅಮ್ಮ ತಿಂಗಳಿಗೆ ಅಂತ ಮುನ್ನೂರು ರೂಪಾಯಿ ಕೊಟ್ರು. ಸಿಂಚು ಕೈಗೆ ನೇರವಾಗಿ ದುಡ್ಡು ಕೊಟ್ರೆ ಅದು ಜೆಲ್ಲಿ ಆಗುತ್ತೆ. ಹಂಗಾಗಿ ನಾನು ಹೊಸ ನಾಣ್ಯಾನೇ ಕಂಡುಹಿಡ್ದೆ. ಕಂಡಿಕೆ.

ಕಂಡಿಕೆ ಅಂದ್ರೆ ಗೇಣುದ್ದದ ಮರದ ಕಡ್ಡಿ. ಸೀರೆಗೆ ಅಡ್ಡ ನೇಯೋ ನೂಲನ್ನ ಇದಕ್ಕೆ ಸುತ್ತಿ, ಮಗ್ಗದಲ್ಲಿ ಅತ್ತಿಂದಿತ್ತ ಓಡೋ ಲಾಳಿ ಒಳಗೆ ಕೂರಿಸ್ತಾರೆ. ನೂಲು ಮುಗಿದ್ರೆ ಖಾಲಿ ಕಂಡಿಕೆ ತೆಗೆದು ಕುಕ್ಕೆಗೆ ಎಸೀತಾರೆ, ಮತ್ತೆ ಸುತ್ತಿ ಹಾಕ್ತಾರೆ. ಅಟ್ಟದ ಮೇಲೆ ಒಂದು ಪೇಂಟ್ ಡಬ್ಬದಲ್ಲಿ ಸೀಳು ಬಿಟ್ಟ ಹಳೇ ಕಂಡಿಕೆ ಒಂದೈವತ್ತು ಬಿದ್ದಿದ್ವು. ಅದನ್ನ ಒರೆಸಿ ತಂದು ಫ್ರಿಡ್ಜ್ ಮೇಲೆ ನೋಟಿಸ್ ಅಂಟಿಸ್ದೆ:

"ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಸದರಿ ಮನೆಯಲ್ಲಿ ಕಂಡಿಕೆಯು ಅಧಿಕೃತ ಹಣವಾಗಿರುತ್ತದೆ. ಒಂದು ಕೆಲಸಕ್ಕೆ ಒಂದು ಕಂಡಿಕೆ. ಪ್ರತಿ ಭಾನುವಾರ ಬ್ಯಾಂಕಿನಲ್ಲಿ ಕಂಡಿಕೆ ಒಂದಕ್ಕೆ ಎರಡು ರೂಪಾಯಿ ಕೊಡಲಾಗುವುದು. ಖರ್ಚು ಮಾಡದೆ ಉಳಿಸಿದವರಿಗೆ ಐದಕ್ಕೆ ಒಂದರಂತೆ ಬಡ್ಡಿ. ಇಂತಿ, ಚೇತನ್, ಗವರ್ನರ್."

ಮೊದಲ್ನೇ ವಾರ ಏನ್ ಕೇಳ್ತೀರಾ ಗುರು. ಸಿಂಚು ಬಿಂದಿಗೆ ತುಂಬಿದ್ಲು, ಬಟ್ಟೆ ಮಡಚಿದ್ಲು, ಸೊಪ್ಪು ಬಿಡಿಸಿದ್ಲು, ನನ್ನ ಹಾಸಿಗೇನೂ ಮಡಚಿದ್ಲು. ಅಂಗಡಿ ಕಡೆ ತಲೆ ಹಾಕಿ ಮಲಗ್ಲಿಲ್ಲ. ಭಾನುವಾರ ಹದಿನೈದು ಕಂಡಿಕೆ ತಂದು ನನ್ನ ಮುಂದೆ ಸಾಲಾಗಿ ಇಟ್ಲು. ಬಡ್ಡಿ ಮೂರು ಸೇರಿ ಹದಿನೆಂಟು, ಮೂವತ್ತಾರು ರೂಪಾಯಿ ಎಣಿಸಿ ಕೊಟ್ಟೆ. ಅದನ್ನೂ ಖರ್ಚು ಮಾಡ್ದೆ ಜಾಮಿಟ್ರಿ ಬಾಕ್ಸಲ್ಲಿ ಇಟ್ಕೊಂಡ್ಲು.

"ನೋಡಿದ್ಯಾ ಅಮ್ಮ?" ಅಂದೆ.

"ನೋಡ್ತಾ ಇದೀನಿ," ಅಂದ್ರು ಅಮ್ಮ. ಇದು ಎಲ್ಲೀತಂಕ ಓಡುತ್ತೆ ಅಂತ ನೋಡ್ತಾ ಇದ್ರು ಅನ್ನೋದು ನಂಗೆ ಆಮೇಲೆ ಗೊತ್ತಾಯ್ತು.

ಎರಡನೇ ವಾರದಲ್ಲಿ ಒಂದಿನ ಮುನಿರಾಜಣ್ಣ ಶೆಡ್ಡಿಂದ ತಲೆ ಕೆರ್ಕೊಂಡು ಬಂದ್ರು. ನಮ್ಮ ಮಗ್ಗ ನೋಡ್ಕೊಳ್ಳೋರು ಅವ್ರು, ನಾನು ಹುಟ್ಟೋಕೂ ಮುಂಚೆಯಿಂದ.

"ಏನಪ್ಪಾ ಚೇತು, ಕಂಡಿಕೆ ಕುಕ್ಕೆ ದಿನದಿಂದ ದಿನಕ್ಕೆ ಇಳೀತಾ ಐತಲ್ಲ. ಇಲಿ ಎಳ್ಕೊಂಡ್ ಹೋಯ್ತಾವಾ?"

"ಇರ್ಬಹುದು ಅಣ್ಣ," ಅಂದೆ, ಫೋನಿಂದ ತಲೆ ಎತ್ತದೆ. ಆ ಹೊತ್ತಲ್ಲಿ ನಾನು ಷೇರು ಮಾರ್ಕೆಟ್ಟಲ್ಲಿ ಅಪಾಯದ ಮುನ್ಸೂಚನೆಗಳನ್ನ ಗುರುತಿಸೋದು ಹೇಗೆ ಅನ್ನೋ ವಿಡಿಯೋ ನೋಡ್ತಿದ್ದೆ.

ಮುನಿರಾಜಣ್ಣ ಇಲಿ ಬೋನು ಇಟ್ರು. ಅದಕ್ಕೆ ನಮ್ಮ ಬಂಡವಾಳದಲ್ಲೇ ಒಂದು ಬಜ್ಜಿ ಹೋಯ್ತು.

ಎರಡನೇ ಭಾನುವಾರ ಸಿಂಚು ದಿಂಬಿನ ಕವರ್ ಎಳ್ಕೊಂಡು ಬಂದ್ಲು. ಎಳ್ಕೊಂಡು. ಎತ್ಕೊಂಡು ಬರೋಕೆ ಆಗ್ತಿರ್ಲಿಲ್ಲ. ನನ್ನ ಮುಂದೆ ಸುರಿದ್ಲು. ನೂರ ಅರವತ್ತು ಕಂಡಿಕೆ.

"ಲೇ, ಎಲ್ಲಿಂದ ಬಂತೇ ಇಷ್ಟು?"

"ಕೆಲ್ಸ ಮಾಡ್ದೆ."

"ಏನ್ ಕೆಲ್ಸ?"

"ಹೆಕ್ಕೋ ಕೆಲ್ಸ." ಅವಳು ಶೆಡ್ಡಿನ ಕಡೆ ಕೈ ತೋರ್ಸಿದ್ಲು. "ಮುನಿರಾಜಣ್ಣ ಎಸೀತಾರೆ, ನಾನು ಹೆಕ್ತೀನಿ. ಅಟ್ಟದ ಮೇಲಿಂದೇ ಆಗ್ಬೇಕು ಅಂತ ನೋಟಿಸಲ್ಲಿ ಎಲ್ಲಿ ಬರ್ದಿದೆ?"

ಓಡಿ ಹೋಗಿ ನೋಟಿಸ್ ಓದ್ದೆ. ಬರೆದಿರ್ಲಿಲ್ಲ.

ಬಡ್ಡಿ ಸೇರಿ ಮುನ್ನೂರ ಎಂಬತ್ನಾಲ್ಕು ರೂಪಾಯಿ ಆಗ್ತಿತ್ತು. ಬ್ಯಾಂಕಲ್ಲಿ ಇದ್ದಿದ್ದು ಇನ್ನೂರ ಅರವತ್ನಾಲ್ಕು. ಎರಡೇ ವಾರಕ್ಕೆ ಒಂದು ಬ್ಯಾಂಕು ಮುಳುಗಿಸಿದ ಕೀರ್ತಿ ನಂದು. ಅಮ್ಮ ಒಗ್ಗರಣೆ ಹಾಕ್ತಾ, "ಏನ್ ಗವರ್ನರೇ, ಬೆವರ್ತಾ ಇದೀರಾ?" ಅಂದ್ರು.

ಇಂಥಾ ಟೈಮಲ್ಲಿ ದೊಡ್ಡ ದೊಡ್ಡೋರು ಏನ್ ಮಾಡ್ತಾರೆ? ಹಳೇ ಹಣ ರದ್ದು ಮಾಡ್ತಾರೆ. ನಾನೂ ಮಾಡ್ದೆ. ಸಂಜೆ ಆರು ಗಂಟೆಯಿಂದ ಹಳೇ ಕಂಡಿಕೆ ಚಲಾವಣೆಯಲ್ಲಿ ಇರೋದಿಲ್ಲ, ಹಸಿರು ಉಂಗುರ ಇರೋ ಕಂಡಿಕೆ ಮಾತ್ರ ನಡೆಯುತ್ತೆ, ಹತ್ತು ಹಳೇದಕ್ಕೆ ಒಂದು ಹೊಸದು ಅಂತ ಎರಡನೇ ನೋಟಿಸ್ ಅಂಟಿಸ್ದೆ. ಸಿಂಚು ಅಳ್ತಾಳೆ ಅಂದ್ಕೊಂಡಿದ್ದೆ. ಅಳ್ಲಿಲ್ಲ. ನೋಟಿಸನ್ನ ಎರಡು ಸಲ ಓದಿದ್ಲು. ನೂರ ಅರವತ್ತು ಕೊಟ್ಟು, ಹದಿನಾರು ಹೊಸದು ತಗೊಂಡು, ಸುಮ್ನೆ ಹೋದ್ಲು. ನಾನು ಅಲ್ಲೇ ಎಚ್ಚರ ಆಗ್ಬೇಕಿತ್ತು.

ಹಸಿರು ಉಂಗುರ ಅಂದ್ರೆ ನೇಲ್ ಪಾಲಿಶ್. ನೇಲ್ ಪಾಲಿಶ್ ಸಿಂಚೂದು. ಬಳಸಿದ ಮೇಲೆ ಬಾಟ್ಲಿನ ಅವಳಿಗೇ ಥ್ಯಾಂಕ್ಸ್ ಹೇಳಿ ವಾಪಸ್ ಕೊಟ್ಟೆ. ಪ್ರಪಂಚದಲ್ಲಿ ನೋಟು ಪ್ರಿಂಟ್ ಹಾಕೋ ಮಿಷಿನ್ನನ್ನ ಕಳ್ಳನ ಹತ್ರಾನೇ ಎರವಲು ತಗೊಂಡು, ಕೆಲ್ಸ ಮುಗಿದ್ಮೇಲೆ ಅವನ ಮನೆಗೇ ತಲುಪಿಸಿ ಬಂದ ಮೊದಲ ಗವರ್ನರ್ ನಾನು.

ಇನ್ನು ಆ ನೂರ ಅರವತ್ತು ಹಳೇ ಕಂಡಿಕೆ. ಅವು ಮತ್ತೆ ಅವಳ ಕೈಗೆ ಸಿಕ್ರೆ? ರದ್ದಾದ ಹಣಾನ ನಾಶ ಮಾಡ್ಬೇಕು, ಅದೇ ಕ್ರಮ. ಹಿತ್ತಲಲ್ಲಿ ಸ್ನಾನದ ನೀರು ಕಾಯಿಸೋ ಹಂಡೆ ಒಲೆ ಇದೆ. ಸೋಮವಾರ ಬೆಳಗ್ಗೆ ಎದ್ದು ಅಷ್ಟನ್ನೂ ಒಲೆಗೆ ತುಂಬಿ ಬೆಂಕಿ ಇಟ್ಟೆ. ಒಳ್ಳೇ ಗಟ್ಟಿ ಮರ, ವರ್ಷಗಟ್ಲೆ ಒಣಗಿರೋದು. ಏನ್ ಉರೀ ಅಂತೀರಾ. ನೀರು ಕೊತಕೊತ ಕುದೀತು.

ಅಪ್ಪ ಸ್ನಾನ ಮಾಡಿ ಟವೆಲ್ ಸುತ್ಕೊಂಡು ಹೊರಗೆ ಬಂದು, "ಆಹಾ, ಇವತ್ತು ನೀರು ಏನ್ ಚೆನ್ನಾಗ್ ಕಾದಿದ್ಯೋ. ಯಾವ ಸೌದೆ ಹಾಕ್ದೆ?" ಅಂದ್ರು.

"ಇತ್ತು ಅಪ್ಪ, ಒಂದಿಷ್ಟು ವೇಸ್ಟು," ಅಂದೆ.

"ದಿನಾ ಅದನ್ನೇ ಹಾಕು."

ಬುಧವಾರ ಮಧ್ಯಾಹ್ನ ಕಾಲೇಜಿಂದ ಬರ್ತಾ ಇದೀನಿ. ಶುಕ್ರವಾರ ಬೆಳಗ್ಗೆ ಬಸ್ಸು ಗೋಕರ್ಣಕ್ಕೆ. ಇಪ್ಪತ್ತೊಂದು ಸೀರೆ ಮುಗಿದಿತ್ತು, ಮೂರು ಬಾಕಿ, ಶನಿವಾರ ಬೆಳಗ್ಗೆ ಪಾರ್ಟಿ ಬರ್ತಾರೆ, ಎಲ್ಲಾ ಲೆಕ್ಕದ ಪ್ರಕಾರಾನೇ ಇತ್ತು. ಬೀದಿ ತಿರುವಿಗೆ ಬಂದೆ. ಏನೋ ಸರಿ ಇಲ್ಲ ಅನ್ನಿಸ್ತು. ಏನು ಅಂತ ಗೊತ್ತಾಗ್ಲಿಲ್ಲ. ಆಮೇಲೆ ಗೊತ್ತಾಯ್ತು. ಸದ್ದಿಲ್ಲ.

ನಿಮ್ಮ ಕಡೆ ಸದ್ದಾದ್ರೆ ಜನ ಏಳ್ತಾರೆ. ನಮ್ಮ ಬೀದೀಲಿ ಸದ್ದು ನಿಂತ್ರೆ ಏಳ್ತಾರೆ. ಬೆಳಗಿಂದ ಸಂಜೆ ತನಕ ಟಕಾಟಕ್ ಟಕಾಟಕ್ ಅಂತ ಮಗ್ಗ ಬಡೀತಾನೇ ಇರ್ಬೇಕು, ಆಗ್ಲೇ ಮಕ್ಳು ಮಲಗೋದು, ಮುದುಕರು ತೂಕಡಿಸೋದು. ಈಗ ಬೀದಿ ಮಕ್ಳೆಲ್ಲಾ ಎದ್ದು ಅಳ್ತಾ ಇದಾವೆ, ತೊಟ್ಟಿಲಲ್ಲಿರೋವು. ಮುದುಕರೆಲ್ಲಾ ಜಗಲಿಗೆ ಬಂದು ನಿಂತಿದಾರೆ.

"ಕರೆಂಟ್ ಹೋಯ್ತಾ?" ಅಂತ ಒಬ್ರು.

"ಇಲ್ವಲ್ಲ, ಫ್ಯಾನ್ ತಿರುಗ್ತಾ ಐತೆ," ಅಂತ ಇನ್ನೊಬ್ರು.

ಎದುರು ಮನೆ ಸರಸಕ್ಕ ಸೊಂಟದ ಮೇಲೆ ಕೈ ಇಟ್ಕೊಂಡು, "ಕಂಡಿಕೆ ಇಲ್ಲ ಕಣ್ರೀ, ನಮ್ಮ ಕುಕ್ಕೆ ತಳ ಕಾಣಿಸ್ತಾ ಐತೆ. ಇಷ್ಟು ವರ್ಷದಲ್ಲಿ ಕಂಡಿಕೆ ಕದ್ದ ಕಳ್ಳನ್ನ ಕೇಳಿಲ್ಲ ನಾನು," ಅಂತಿದ್ರು. ಅಕ್ಕಪಕ್ಕದ ಇನ್ನೂ ಮೂರು ಮನೇಲಿ ಅದೇ ಕತೆ.

ನಮ್ಮ ಶೆಡ್ಡಿಂದ ಮುನಿರಾಜಣ್ಣ ಬಂದ್ರು. ಕೈಯಲ್ಲಿ ಖಾಲಿ ಲಾಳಿ.

"ಇಲಿ ಅಲ್ಲ ಯಜಮಾನ್ರೇ," ಅಂದ್ರು ಅಪ್ಪನಿಗೆ. "ಇಷ್ಟೊಂದು ತಗೊಂಡ್ ಹೋಗೋಕೆ ಇಲಿಗೆ ಲಾರಿ ಬೇಕು."

"ಹೊಸದು ತರೋಣ ನಡೀ."

"ನಮ್ಮ ಹಳೇ ಲಾಳಿಗೆ ಆಗೋ ಮರದ್ದು ಈಗ ಅಂಗಡೀಲಿ ಎಲ್ಲೈತೆ? ಹೇಳಿ ಮಾಡಿಸ್ಬೇಕು. ಒಂದಕ್ಕೆ ಹದಿನೆಂಟು ರೂಪಾಯಿ, ಹತ್ತು ದಿನ ಆಯ್ತದೆ."

ಹದಿನೆಂಟು ರೂಪಾಯಿ. ನಾನು ಗೇಟಿಗೆ ಒರಗಿಕೊಂಡೆ. ಗೇಟು ತೆರೆದಿತ್ತು, ಬಿದ್ದೆ. ಎಲ್ರೂ ನನ್ನ ಕಡೆ ತಿರುಗಿದ್ರು.

"ಚೇತು," ಅಂದ್ರು ಅಪ್ಪ ನಿಧಾನಕ್ಕೆ, "ಸೋಮವಾರ ಒಲೆಗೆ ಏನೋ ವೇಸ್ಟು ಹಾಕಿದ್ಯಲ್ಲ. ಏನದು?"

ಇಂಥಾ ಪ್ರಶ್ನೆಗೆ ಎಕನಾಮಿಕ್ಸಲ್ಲಿ ಉತ್ತರ ಇಲ್ಲ. ಇದ್ದಿದ್ದನ್ನ ಹೇಳ್ದೆ. ನಾಣ್ಯ, ಬಡ್ಡಿ, ರದ್ದು, ಎಲ್ಲಾ. ನೂರ ಅರವತ್ತು ಅಂದಾಗ ಮುನಿರಾಜಣ್ಣ ಲಾಳಿ ಕೆಳಗೆ ಹಾಕ್ಬಿಟ್ರು.

ಅಪ್ಪ ಹೊಡೀತಾರೆ ಅಂದ್ಕೊಂಡೆ. ಹೊಡೀಲಿಲ್ಲ. ಬಾಗಿಲ ಮೆಟ್ಲ ಮೇಲೆ ಕೂತ್ಬಿಟ್ರು. "ಶನಿವಾರ ಬೆಳಗ್ಗೆ ಬರ್ತಾರೆ ಅವ್ರು," ಅಂದ್ರು, ಯಾರಿಗೂ ಅಂತ ಅಲ್ಲ. "ಅಂಗಡಿಯೋರ ಹಂಗಿಲ್ದೆ ಒಂದ್ಸಲ ನಾನೇ ಕೊಡೋಣ ಅಂತಿದ್ದೆ." ಬಾಚಿದ ತಲೇಲಿ ಕೈ ಆಡಿಸ್ಕೊಂಡ್ರು. ಹೊಡ್ದಿದ್ರೇ ಚೆನ್ನಾಗಿತ್ತು.

ಆಗ ಒಳಗಿಂದ ಸರ್ ಸರ್ ಅಂತ ಸದ್ದು. ಸಿಂಚು ಮಂಚದ ಕೆಳಗಿಂದ ಒಂದು ಗೋಣಿಚೀಲ ಎಳ್ಕೊಂಡು ಬಂದ್ಲು.

ಮುನ್ನೂರ ಐವತ್ತಾರು ಕಂಡಿಕೆ. ಪ್ರತಿಯೊಂದಕ್ಕೂ ಹಸಿರು ಉಂಗುರ.

"ಏನಮ್ಮಾ ಇದು?" ಅಂದ್ರು ಅಪ್ಪ.

"ದುಡ್ಡು," ಅಂದ್ಲು.

ವಿಚಾರಣೆ ಶುರು ಆಯ್ತು. ಜಡ್ಜು ಅಮ್ಮ. ಸಿಂಚು ಏನೂ ಮುಚ್ಚಿಡ್ಲಿಲ್ಲ. ನನ್ನ ಎರಡನೇ ನೋಟಿಸ್ ನೋಡಿ ಅವಳಿಗೆ ಐಡಿಯಾ ಬಂತಂತೆ. ಹತ್ತು ಹಳೇದಕ್ಕೆ ಒಂದು ಅಂತ ಅಣ್ಣ ಕೊಡೋದಾದ್ರೆ ತಾನೂ ಕೊಡ್ಬಹುದಲ್ಲ. ಬೀದಿ ಮಕ್ಳಿಗೆಲ್ಲಾ ಹೇಳಿದ್ಲಂತೆ, ಹತ್ತು ಕಂಡಿಕೆ ತಂದ್ರೆ ಒಂದು ಜೆಲ್ಲಿ. ಮೊದಲ್ನೇ ಭಾನುವಾರ ನಾನು ಕೊಟ್ಟ ಮೂವತ್ತಾರು ರೂಪಾಯಲ್ಲಿ ಮೂವತ್ತಾರು ಜೆಲ್ಲಿ. ಮೂವತ್ನಾಲ್ಕಕ್ಕೆ ಮುನ್ನೂರ ನಲವತ್ತು ಕಂಡಿಕೆ ಬಂತು. ಅದಕ್ಕೆಲ್ಲಾ ಉಂಗುರ ಹಾಕಿದ್ಲು. ಬಾಟ್ಲಿ ಖಾಲಿ ಆದಾಗ ಬೀದಿ ಹುಡುಗೀರು ಇನ್ನೆರಡು ಬಾಟ್ಲಿ ಬಂಡವಾಳ ಹಾಕಿದ್ರು. ಮುಂದಿನ ಭಾನುವಾರ ಅಷ್ಟನ್ನೂ ತಂದು ನನ್ನ ಹತ್ರ ಒಂದಕ್ಕೆ ಎರಡು ರೂಪಾಯಿಯಂತೆ ಮಾರೋ ಪ್ಲಾನು. ಬಡ್ಡಿ ಬೇರೆ.

"ಇನ್ನೆರಡು ಜೆಲ್ಲಿ?" ಅಂದ್ರು ಅಮ್ಮ.

"ನಾನು ತಿಂದೆ. ಸಂಬ್ಳ."

ನಾನು ಎರಡು ವರ್ಷ ಕಾಲೇಜಿಗೆ ಹೋಗಿ ಕಲೀದೇ ಇದ್ದಿದ್ದನ್ನ ಇವಳು ಮೂರು ದಿನದಲ್ಲಿ ಕಲ್ತಿದ್ಲು.

ಸರಸಕ್ಕ ತಮ್ಮ ಮಗ ಮನೂನ ಕಿವಿ ಹಿಡ್ದು ತಂದ್ರು. "ಎಷ್ಟು ಕೊಟ್ಯೋ?"

"ಎಂಬತ್ತು."

"ಎಂಟು ಜೆಲ್ಲಿಗೆ ಮಗ್ಗ ನಿಲ್ಲಿಸ್ಬಿಟ್ಟಲ್ಲೋ! ನಾಳೆ ಒಂದು ಐಸ್ ಕ್ರೀಮ್ ತೋರ್ಸಿದ್ರೆ ಮನೆ ಪತ್ರಾನೇ ಕೊಟ್ಬಿಡ್ತೀಯಾ."

ಮುನಿರಾಜಣ್ಣ ಒಂದು ಕಂಡಿಕೆ ತಗೊಂಡು ಉಂಗುರದ ಮೇಲೆ ಬೆರಳು ಆಡಿಸಿದ್ರು. "ಇದನ್ನ ಹಿಂಗೇ ಹಾಕೋ ಹಂಗಿಲ್ಲ. ರೇಷ್ಮೆ ನೂಲು ಈ ದಪ್ಪಕ್ಕೆ ಸಿಕ್ಕಾಕ್ಕೊಂಡು ಕಿತ್ತೋಯ್ತದೆ. ಒಂದೊಂದನ್ನೂ ಕೆರೀಬೇಕು."

ಎಲ್ರೂ ನನ್ನ ಕಡೆ ನೋಡಿದ್ರು. ಗವರ್ನರ್‌ಗೆ ಕೊನೆಗೂ ಒಂದು ಕೆಲ್ಸ ಸಿಕ್ತು.

ಸರಸಕ್ಕ ಮೆಟ್ಲ ಮೇಲೆ ಕೂತಿದ್ದ ಅಪ್ಪನ್ನ ಒಂದ್ಸಲ ನೋಡಿದ್ರು. ಆಮೇಲೆ ಅಮ್ಮನ ಕಡೆ ತಿರುಗಿ, "ರತ್ನಕ್ಕ, ನಮ್ದು ಹೆಂಗೂ ಸಾದಾ ಸೀರೆ, ಅಂಗಡಿಯೋನು ಎರಡು ದಿನ ಕಾದ್ರೆ ಸಾಯಲ್ಲ. ಶನಿವಾರದವರ್ಗೂ ಅರ್ಧ ನೀವೇ ಇಟ್ಕೊಳಿ. ನಿಮ್ಮ ಪಾರ್ಟಿ ಮೊದ್ಲು ಮುಗೀಲಿ. ಆದ್ರೆ ಎಲ್ಲಾನೂ ಕೆರೆದು ನುಣ್ಣಗೆ ಮಾಡಿ ಕೊಡ್ಬೇಕು ನಿಮ್ಮ ಮಗ," ಅಂದ್ರು. ಉಳಿದ ಮೂರು ಮನೆಯೋರೂ ತಲೆ ಆಡಿಸಿದ್ರು. ಅಪ್ಪ ಎದ್ದು ನಿಂತು ಎಲ್ರಿಗೂ ಕೈ ಮುಗಿದ್ರು. ಶೆಡ್ಡಿಗೆ ಹೋಗ್ಬಿಟ್ರು.

ಅಮ್ಮ ಟ್ರಿಪ್ಪಿಗೆ ಅಂತ ಎತ್ತಿಟ್ಟಿದ್ದ ಮೂರು ಸಾವಿರ ತಂದು ನನ್ನ ಕೈಗೇ ಕೊಟ್ರು. "ನೀನೇ ಲೆಕ್ಕ ಹಾಕಪ್ಪ, ಕಾಮರ್ಸು."

ಹಾಕ್ದೆ. ಸುಟ್ಟಿದ್ದು ನೂರ ಅರವತ್ತು. ಒಂದಕ್ಕೆ ಹದಿನೆಂಟು. ಎರಡು ಸಾವಿರದ ಎಂಟುನೂರ ಎಂಬತ್ತು, ಮುನಿರಾಜಣ್ಣನ ಕೈಗೆ, ಹೊಸ ಕಂಡಿಕೆ ಮಾಡಿಸೋಕೆ. ಉಳಿದಿದ್ದು ನೂರಿಪ್ಪತ್ತು. ಅದು ನೇಲ್ ಪಾಲಿಶ್ ರಿಮೂವರ್‌ಗೆ. ಹದಿನೆಂಟು ರೂಪಾಯಿ ಮಾಲನ್ನ ನಮ್ಮ ತಂಗಿ ಎರಡು ರೂಪಾಯಿಗೆ ಮನೆ ಬಾಗ್ಲಿಗೆ ತಂದು ಕೊಡ್ತಿದ್ಲು. ನಾನು ಅದನ್ನ ಸುಟ್ಟು ಸ್ನಾನ ಮಾಡ್ದೆ. ರಾಜ ಮಹಾರಾಜರೂ ಇಷ್ಟು ದುಬಾರಿ ಸ್ನಾನ ಮಾಡಿರಲ್ಲ. ಅದ್ರಲ್ಲೂ ಆವತ್ತು ನಾನು ತಲೆಗೆ ನೀರು ಹಾಕ್ಕೊಂಡಿರ್ಲಿಲ್ಲ.

ಗುರುವಾರ, ಶುಕ್ರವಾರ ನಾನು ಕೆರೆದೆ. ರಿಮೂವರ್ ಹಾಕು, ಬಟ್ಟೇಲಿ ಒರೆಸು, ಬ್ಲೇಡಲ್ಲಿ ಕೆರೆ, ಕೆನ್ನೆಗೆ ಉಜ್ಜಿ ನುಣ್ಣಗಿದ್ಯಾ ನೋಡು. ಅಮ್ಮ ಪಕ್ಕದಲ್ಲಿ ಕಂಡಿಕೆ ಸುತ್ತೋ ಮಿಷಿನ್ ಓಡಿಸ್ತಿದ್ರು. ಶುಕ್ರವಾರ ಬೆಳಗ್ಗೆ ಬಸ್ಸು ಹೊರಟಾಗ ಫ್ರೆಂಡ್ಸ್ ಫೋನ್ ಮಾಡಿದ್ರು. "ಎಲ್ಲಿದೀಯೋ ಮಗಾ?"

"ಬ್ಯಾಂಕ್ ಕೆಲ್ಸದಲ್ಲಿ ಬಿಝಿ," ಅಂದೆ.

ಶನಿವಾರ ಬೆಳಗ್ಗೆ ಪಾರ್ಟಿ ಬಂದಾಗ ಇಪ್ಪತ್ನಾಲ್ಕನೇ ಸೀರೆ ಮಗ್ಗದಿಂದ ಇಳಿದು ಇನ್ನೂ ಒಂದು ಗಂಟೆ ಆಗಿರ್ಲಿಲ್ಲ. ಮದುವೆ ಹುಡುಗಿ ಸೋದರತ್ತೆ ಒಂದೊಂದೇ ಬಿಡಿಸಿ ನೋಡಿದ್ರು. ಕೊನೇ ಸೀರೇಲಿ ಕೈ ನಿಂತೋಯ್ತು. ಸೆರಗಿನ ಮೂಲೇಲಿ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕೆ. ನಾನು ಕೆರೆಯೋವಾಗ ಬಿಟ್ಟಿದ್ದ ಉಂಗುರದ ಒಂದು ಚೂರು.

"ಇದೇನಿದು?"

ಅಪ್ಪ ಗೋಡೆ ಹಿಡ್ಕೊಂಡ್ರು. ನಾನು ಅಡುಗೆ ಮನೆಗೆ ದಾರಿ ಹುಡುಕ್ದೆ.

"ದೃಷ್ಟಿ ಬೊಟ್ಟು," ಅಂದ್ರು ಅಮ್ಮ, ಕಣ್ಣು ರೆಪ್ಪೆ ಬಡೀದೆ. "ಇಪ್ಪತ್ನಾಲ್ಕು ಸೀರೆ ಒಂದೇ ಸಲ ಉಡ್ತೀರಲ್ಲ, ಜನರ ಕಣ್ಣು ಬೀಳ್ದೆ ಇರುತ್ತಾ? ಅದಕ್ಕೇ ಕೊನೇ ಸೀರೆಗೆ ಇಡೋದು."

ಆಯಮ್ಮ ಸೆರಗನ್ನ ಬೆಳಕಿಗೆ ಹಿಡ್ದು ನೋಡಿದ್ರು. "ಒಳ್ಳೇ ಪದ್ಧತಿ ಕಣಮ್ಮ. ಇದನ್ನ ನಾನೇ ಉಡ್ತೀನಿ."

ದುಡ್ಡು ಪೂರ್ತಿ ಕೊಟ್ರು. ಹೋಗೋವಾಗ ಗಂಡಿನ ಕಡೆಯೋರಿಗೂ ಹೇಳ್ತೀವಿ ಅಂದ್ರು. ಕಾರು ತಿರುವು ದಾಟೋವರ್ಗೂ ಅಪ್ಪ ಗಂಭೀರವಾಗಿ ನಿಂತಿದ್ರು. ಆಮೇಲೆ ನಗೋಕೆ ಶುರು ಮಾಡಿದ್ರು ನೋಡಿ, ಕಣ್ಣಲ್ಲಿ ನೀರು ಬಂತು. ನಾನೂ ನಕ್ಕೆ. ತಕ್ಷಣ ನಿಲ್ಲಿಸಿ, "ನೀನ್ಯಾಕೋ ನಗ್ತೀಯಾ, ಹೋಗಿ ಕಂಡಿಕೆ ಸುತ್ತು" ಅಂದ್ರು.

ಈಗ ರಜಾ ಬಂದ್ರೆ ನಾನೇ ಕಂಡಿಕೆ ಸುತ್ತೋದು. ಗೋಕರ್ಣದ ಫೋಟೋ ಫೋನಿಗೆ ಬಂದು ಬೀಳ್ತಾ ಇರುತ್ತೆ, ನಾನು ನೂಲು ನೋಡ್ತಾ ಇರ್ತೀನಿ. ಅಮ್ಮ ಇಪ್ಪತ್ತು ಸುತ್ತಿದ್ರೆ ಒಂದು ಕಂಡಿಕೆ ಸಂಬಳ ಕೊಡ್ತಾರೆ, ಅಟ್ಟದ ಮೇಲಿನ ಅದೇ ಸೀಳು ಕಂಡಿಕೆ. ನನ್ನ ನೋಟಿಸ್ ಇನ್ನೂ ಫ್ರಿಡ್ಜ್ ಮೇಲೇ ಇದೆ. ಕೆಳಗಡೆ ಹೆಸರು ಮಾತ್ರ ಹೊಡೆದು ಹಾಕಿ, ಸಿಂಚನ, ಗವರ್ನರ್ ಅಂತ ಹಸಿರು ನೇಲ್ ಪಾಲಿಶಲ್ಲಿ ಬರ್ದಿದೆ.

ಮೊನ್ನೆ ಭಾನುವಾರ ಅವಳು ಬಂದು ನನ್ನ ಪಕ್ಕ ಕೂತ್ಲು. "ಅಣ್ಣಾ, ಎಷ್ಟಾಯ್ತು?"

"ಏಳು."

"ಖರ್ಚು ಮಾಡ್ಬಿಡ್ಬೇಡ. ನನ್ ಹತ್ರ ಇಡು, ಮುಂದಿನ ಭಾನುವಾರ ಐದಕ್ಕೆ ಒಂದು ಜಾಸ್ತಿ ಕೊಡ್ತೀನಿ."

"ನಿನ್ನ ಬ್ಯಾಂಕು ಮುಳುಗಿದ್ರೆ?"

"ಮುಳುಗಲ್ಲ," ಅಂದ್ಲು. "ನಾನು ತಣ್ಣೀರಲ್ಲೇ ಸ್ನಾನ ಮಾಡ್ತೀನಿ."

ಯೋಚನೆ ಮಾಡಿ ಐದು ಅವಳ ಕೈಗೆ ಕೊಟ್ಟೆ. ಎಲ್ಲಾ ದುಡ್ಡೂ ಒಂದೇ ಕಡೆ ಹಾಕ್ಬಾರ್ದು ಅಂತ ಕೋಟು ಹಾಕಿದೋರು ಹೇಳಿದಾರೆ, ಹಂಗಾಗಿ ಎರಡು ಜೇಬಲ್ಲೇ ಇಟ್ಕೊಂಡೆ. ಸಂಜೆ ಒಳಗೆ ಆ ಎರಡನ್ನೂ ಅವಳೇ ಒಂದು ಜೆಲ್ಲಿ ಕೊಟ್ಟು ತಗೊಂಡ್ಲು.

ಜೆಲ್ಲಿ ಮಾತ್ರ ಚೆನ್ನಾಗಿತ್ತು.